ಕುರಿಯ ಮಿದುಳಿನಿಂದ ಇಪ್ಪತ್ತೊಂದು ಅಮೈನೋ ಆಮ್ಲಗಳಿಗೆ

ಐವತ್ತು ದಾಟಿದ ಓದುಗರಿಗೆ ನಾಯಿ ಕಚ್ಚಿದವರ ಪಾಡು ನೆನಪಿರಬಹುದು. ದಿನಕ್ಕೊಂದರಂತೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮ ತರಗತಿಯ ಹುಡುಗನೊಬ್ಬ ಈ ಚಿಕಿತ್ಸೆ ಮುಗಿಸಿ ಬಂದು ಅಂಗಿ ಎತ್ತಿ ತೋರಿಸಿದ್ದ. ನಾವೆಲ್ಲ ಸುತ್ತ ನೆರೆದು ಗುರುತುಗಳನ್ನು ಎಣಿಸಿದ್ದೆವು. ಆ ಸೀಸೆಯಲ್ಲಿ ಏನಿತ್ತೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿದ್ದದ್ದು ಕುರಿಯ ಮಿದುಳು. ರೇಬೀಸ್ ವೈರಸ್ ಹೊಗಿಸಿದ ಕುರಿಯ ಮಿದುಳನ್ನು ಅರೆದು, ವೈರಸನ್ನು ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, ಲವಣದ ದ್ರಾವಣದಲ್ಲಿ ಕಲಸಿದ ದ್ರವ.

ಈ ಲಸಿಕೆ ಅಸಂಖ್ಯ ಜನರ ಪ್ರಾಣ ಉಳಿಸಿತು. ಆದರೆ ಲಸಿಕೆ ಪಡೆದ ಕೆಲವರಿಗೆ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು ಕಾಣಿಸಿಕೊಂಡು ಕಾಲುಗಳ ಸ್ವಾಧೀನ ತಪ್ಪುತ್ತಿತ್ತು. ಕೆಲವರು ಸತ್ತರು. ಅದು ರೇಬೀಸ್ ಅಲ್ಲ. ಕಚ್ಚಿದ ನಾಯಿ ಆರೋಗ್ಯವಾಗಿ ಓಡಾಡಿಕೊಂಡಿದ್ದಾಗಲೂ ಹೀಗಾದದ್ದುಂಟು. ಹಾಗಾದರೆ ಅವರನ್ನು ಕಾಡಿದ್ದು ಏನು? ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳಿಗೆ ಇಡೀ ಮಿದುಳಿನಿಂದ ಹೊರಟು ಇಪ್ಪತ್ತೊಂದು ಅಮೈನೋ ಆಮ್ಲಗಳ ಒಂದು ಸಣ್ಣ ಸರಪಳಿಯನ್ನು ತಲುಪಲು ನೂರು ವರ್ಷಗಳೇ ಬೇಕಾದವು. ಇಂದು ಜಗತ್ತಿನ ನೂರಾರು ಪ್ರಯೋಗಾಲಯಗಳ ಶೀತಕಗಳಲ್ಲಿ ಬಿಳಿಯ ಪುಡಿಯಾಗಿ ಕುಳಿತಿರುವ ಆ ಸರಪಳಿಯ ಹೆಸರು ಮಾಗ್ 35-55.

ತಂತಿ ಮತ್ತು ಹೊದಿಕೆ

ಮೊದಲು ನರತಂತುವಿನ ಬಗ್ಗೆ ಎರಡು ಮಾತು. ನಾನು ಭೌತವಿಜ್ಞಾನದ ಮೇಷ್ಟ್ರು. ಈ ಕತೆಯೊಳಕ್ಕೆ ನನ್ನನ್ನು ಎಳೆದದ್ದೇ ಈ ಭಾಗ.

ನರತಂತುವನ್ನು ತಾಮ್ರದ ತಂತಿಗೆ ಹೋಲಿಸುವುದು ವಾಡಿಕೆ. ಹೋಲಿಕೆ ಅಷ್ಟು ಸರಿಯಲ್ಲ. ತಂತುವಿನೊಳಗಿರುವುದು ಉಪ್ಪುನೀರಿನಂಥ ದ್ರವ, ಅದರ ರೋಧ ಬಹಳ ಹೆಚ್ಚು. ಸುತ್ತಲಿನ ತೆಳುಪೊರೆ ವಿದ್ಯುತ್ತನ್ನು ಸೋರಗೊಡುತ್ತದೆ. ಸಾಲದ್ದಕ್ಕೆ ಅದು ಧಾರಕದಂತೆಯೂ ವರ್ತಿಸುತ್ತದೆ. ಪ್ರತಿ ಚೂರು ಪೊರೆಯನ್ನೂ ಆವೇಶಗೊಳಿಸುತ್ತಾ ಸಂಕೇತ ಮುಂದೆ ಸಾಗಬೇಕು. ಆದ್ದರಿಂದ ಹೊದಿಕೆಯಿಲ್ಲದ ಸಣ್ಣ ತಂತುವಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್ ಮಾತ್ರ. ವೇಗ ಹೆಚ್ಚಬೇಕಾದರೆ ತಂತುವನ್ನು ದಪ್ಪ ಮಾಡಬೇಕು. ಸ್ಕ್ವಿಡ್ ಎಂಬ ಕಡಲ ಜೀವಿ ಹಿಡಿದದ್ದು ಈ ದಾರಿ. ಅದರ ದೈತ್ಯ ತಂತು ಅರ್ಧ ಮಿಲಿಮೀಟರಿಗೂ ದಪ್ಪ, ವೇಗ ಸೆಕೆಂಡಿಗೆ ಇಪ್ಪತ್ತೈದು ಮೀಟರಿನ ಆಸುಪಾಸು. ನಮ್ಮ ಬೆನ್ನುಹುರಿಯ ಲಕ್ಷಾಂತರ ತಂತುಗಳೆಲ್ಲ ಅಷ್ಟು ದಪ್ಪವಿದ್ದರೆ ಬೆನ್ನುಹುರಿ ಮರದ ಕಾಂಡದಷ್ಟಿರಬೇಕಾಗುತ್ತಿತ್ತು.

ಕಶೇರುಕಗಳು ಬೇರೆ ಉಪಾಯ ಕಂಡುಕೊಂಡವು. ತಂತುವಿನ ಸುತ್ತ ಕೊಬ್ಬು ಮತ್ತು ಪ್ರೋಟೀನಿನ ಪೊರೆ ಸುರುಳಿ ಸುರುಳಿಯಾಗಿ ಹತ್ತಾರು ಸುತ್ತು ಸುತ್ತಿಕೊಂಡಿರುತ್ತದೆ. ಇದೇ ಮಯಲಿನ್. ಧಾರಕಗಳನ್ನು ಶ್ರೇಣಿಯಲ್ಲಿ ಜೋಡಿಸಿದರೆ ಒಟ್ಟು ಧಾರಕತೆ ಕುಗ್ಗುತ್ತದೆಂದು ಪಿಯುಸಿಯಲ್ಲಿ ಕಲಿಸುತ್ತೇವಲ್ಲ, ಇಲ್ಲಿಯೂ ಅದೇ ಲೆಕ್ಕ. ಪದರಗಳು ಹೆಚ್ಚಿದಷ್ಟೂ ಧಾರಕತೆ ಕಡಿಮೆ, ಸೋರಿಕೆಯೂ ಕಡಿಮೆ. ಹೊದಿಕೆಯ ನಡುವೆ ಅಲ್ಲಲ್ಲಿ ಬಿಟ್ಟಿರುವ ಸಂದುಗಳಲ್ಲಿ ಮಾತ್ರ ಸಂಕೇತ ಹೊಸ ಬಲ ಪಡೆದು ಮುಂದಿನ ಸಂದಿಗೆ ಜಿಗಿಯುತ್ತದೆ. ಹತ್ತಿಪ್ಪತ್ತು ಮೈಕ್ರೋಮೀಟರ್ ದಪ್ಪದ ತಂತುವಿನಲ್ಲಿಯೇ ಸೆಕೆಂಡಿಗೆ ನೂರು ಮೀಟರಿನಷ್ಟು ವೇಗ ಸಾಧ್ಯವಾಗುವುದು ಹೀಗೆ. ಈ ಹೊದಿಕೆ ಕಿತ್ತುಹೋದರೆ ಸಂಕೇತ ನಿಧಾನವಾಗುತ್ತದೆ, ಚದುರುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಕಾಲು ಏಳುವುದಿಲ್ಲ, ಕಣ್ಣು ಮಂಜಾಗುತ್ತದೆ. ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ಕಾಯಿಲೆಯಲ್ಲಿ ಆಗುವುದು ಇದು. ಮಿದುಳು ಲಸಿಕೆಯಿಂದ ಕಾಲು ಸೋತವರಲ್ಲಿ ಆದದ್ದೂ ಇದೇ.

ಪ್ಯಾರಿಸ್‌ನಿಂದ ಕಸೌಲಿಗೆ

1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ತನ್ನ ಲಸಿಕೆಯ ಮೊದಲ ಚುಚ್ಚುಮದ್ದು ಕೊಡಿಸಿದ. ರೇಬೀಸ್ ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ತಯಾರಿಸಿದ ಲಸಿಕೆ ಅದು. ಹುಡುಗ ಬದುಕಿದ. ಈ ಪ್ರಸಂಗ ನಮ್ಮ ಪಠ್ಯಪುಸ್ತಕಗಳಲ್ಲಿ ಇದೆ. ಅಲ್ಲಿಲ್ಲದ್ದು ಮುಂದಿನ ಭಾಗ. ಲಸಿಕೆಯ ಬಳಕೆ ಹಬ್ಬಿದಂತೆ ಪಾರ್ಶ್ವವಾಯುವಿನ ಪ್ರಕರಣಗಳು ವರದಿಯಾಗತೊಡಗಿದವು. 1905ರಲ್ಲಿ ಪಾಲ್ ರೆಮ್ಲಿಂಗರ್ ಇವುಗಳ ಬಗ್ಗೆ ವಿವರವಾಗಿ ಬರೆದ. ಹಲವರಿಗೆ ಇದು ಲಸಿಕೆಯಲ್ಲಿ ಉಳಿದ ಜೀವಂತ ವೈರಸ್‌ನ ಕೆಲಸವೆಂಬ ಗುಮಾನಿಯಿತ್ತು.

ಆ ಗುಮಾನಿಗೆ ತಕ್ಕ ಉತ್ತರದಂತೆ ಕಂಡದ್ದು ಭಾರತದಲ್ಲಿ ತಯಾರಾದ ಲಸಿಕೆ. ಹಿಮಾಚಲದ ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಯ ನಿರ್ದೇಶಕ ಡೇವಿಡ್ ಸೆಂಪಲ್ 1911ರಲ್ಲಿ ಕಾರ್ಬಾಲಿಕ್ ಆಮ್ಲದಿಂದ, ಅಂದರೆ ಫೀನಾಲ್‌ನಿಂದ, ವೈರಸನ್ನು ನಿಷ್ಕ್ರಿಯಗೊಳಿಸುವ ವಿಧಾನ ಪ್ರಕಟಿಸಿದ. ಒಣಗಿಸಿದ ಬೆನ್ನುಹುರಿಯನ್ನು ದಿನದಿನವೂ ಸಿದ್ಧಪಡಿಸಿಕೊಳ್ಳಬೇಕಾದ ತಾಪತ್ರಯ ಇಲ್ಲಿರಲಿಲ್ಲ. ಸೀಸೆಯಲ್ಲಿ ತುಂಬಿ ದೂರದ ಆಸ್ಪತ್ರೆಗಳಿಗೂ ಕಳಿಸಬಹುದಿತ್ತು; ಅಗ್ಗವೂ ಆಗಿತ್ತು. ಕೂನೂರಿನ ಪಾಶ್ಚರ್ ಸಂಸ್ಥೆಯೂ ಸೇರಿದಂತೆ ಹಲವೆಡೆ ಇದೇ ವಿಧಾನ ನೆಲೆಯೂರಿತು. ಮುಂದೆ ಮೊಲದ ಬದಲು ಕುರಿಯ ಮಿದುಳು ಬಂತು.

ವೈರಸ್ ಸತ್ತರೂ ಪಾರ್ಶ್ವವಾಯು ಮಾತ್ರ ತಪ್ಪಲಿಲ್ಲ. ಲಸಿಕೆ ಪಡೆದ ಕೆಲವು ನೂರು ಮಂದಿಗೆ ಒಬ್ಬರಿಂದ ಹಿಡಿದು ಕೆಲವು ಸಾವಿರಕ್ಕೊಬ್ಬರವರೆಗೆ, ಬೇರೆ ಬೇರೆ ಕಡೆ ಬೇರೆ ಬೇರೆ ಅಂದಾಜು.

ವೈರಸ್ ಇಲ್ಲದ ಮಿದುಳು

ತಪ್ಪು ವೈರಸ್‌ನದಲ್ಲ, ಮಿದುಳಿನದೇ ಇರಬಹುದೆ? ಇದನ್ನು ನೇರವಾಗಿ ಪರೀಕ್ಷಿಸಿದವನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್. ವೈರಸ್ ಸೋಂಕಿಲ್ಲದ, ಆರೋಗ್ಯವಂತ ಮೊಲದ ಮಿದುಳನ್ನು ಅರೆದು ಆತ ಕೋತಿಗಳಿಗೆ ತಿಂಗಳುಗಟ್ಟಲೆ, ಹತ್ತಾರು ಬಾರಿ ಚುಚ್ಚಿದ. 1933ರ ವರದಿಯಲ್ಲಿ ಎಂಟು ಕೋತಿಗಳಲ್ಲಿ ಎರಡಕ್ಕೆ ಕಾಯಿಲೆ ಬಂತು. ಶ್ವೆಂಟ್ಕರ್ ಜೊತೆ ಸೇರಿ ಪ್ರಯೋಗವನ್ನು ಇನ್ನೂ ಬಿಗಿಗೊಳಿಸಿದಾಗ, 1935ರಲ್ಲಿ, ಎಂಟರಲ್ಲಿ ಏಳಕ್ಕೆ. ಸೂಕ್ಷ್ಮದರ್ಶಕದಡಿ ನೋಡಿದರೆ ಮಯಲಿನ್ ನಾಶವಾಗಿತ್ತು, ಸುತ್ತ ಬಿಳಿ ರಕ್ತಕಣಗಳು ಮುತ್ತಿದ್ದವು. ಯಾವ ರೋಗಾಣುವೂ ಇಲ್ಲದೆ ದೇಹ ತನ್ನದೇ ನರಗಳ ಮೇಲೆ ಎರಗಿತ್ತು.

ಇಂದು ನಾವು ಸ್ವಪ್ರತಿರಕ್ಷಕ ರೋಗ ಎಂದು ಸಲೀಸಾಗಿ ಹೇಳುತ್ತೇವೆ. ಆಗ ಇದನ್ನು ನಂಬುವುದು ಸುಲಭವಿರಲಿಲ್ಲ. ದೇಹ ತನ್ನ ಮೇಲೆಯೇ ಯುದ್ಧ ಹೂಡಲಾರದು ಎಂಬುದು ಪಾಲ್ ಎರ್ಲಿಕ್‌ನ ಕಾಲದಿಂದ ಬಂದ ಬಲವಾದ ನಂಬಿಕೆ.

ನೂರರ ಸಮೀಪ ಚುಚ್ಚುಮದ್ದು ಬೇಕಾಗುವ ಪ್ರಯೋಗವನ್ನು ಯಾರು ತಾನೆ ಮತ್ತೆ ಮಾಡುತ್ತಾರೆ? ಈ ತೊಡಕನ್ನು ಬಿಡಿಸಿದ್ದು ಯೂಲ್ಸ್ ಫ್ರಾಯಿಂಡ್‌ನ ಸಹಾಯಕ ಮಿಶ್ರಣ. ಖನಿಜ ತೈಲದಲ್ಲಿ ಸತ್ತ ಕ್ಷಯಾಣುಗಳನ್ನು ಬೆರೆಸಿದ ಈ ಮಿಶ್ರಣ ರೋಗರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಎಲ್ವಿನ್ ಕೇಬಟ್ ಮತ್ತು ಸಂಗಡಿಗರು ಇದರೊಡನೆ ಮಿದುಳಿನ ಅಂಗಾಂಶ ಬೆರೆಸಿ ಚುಚ್ಚಿದಾಗ ಕೆಲವೇ ಚುಚ್ಚುಮದ್ದುಗಳಲ್ಲಿ, ವಾರಗಳೊಳಗೆ ಕೋತಿಗಳು ಕಾಯಿಲೆ ಬಿದ್ದವು. ಅದು 1947. ಕೋತಿಯ ಮಿದುಳಿನ ಒಂದು ಚೂರನ್ನು ಶಸ್ತ್ರಕ್ರಿಯೆಯಿಂದ ತೆಗೆದು ಅದೇ ಕೋತಿಗೆ ಚುಚ್ಚಿದಾಗಲೂ ಕಾಯಿಲೆ ಬಂತು. ಎರ್ಲಿಕ್‌ನ ಕಾಲದ ನಂಬಿಕೆಗೆ ಇದಕ್ಕಿಂತ ನೇರವಾದ ಏಟು ಇನ್ನೊಂದಿರಲಾರದು. ಶ್ವಾಸಕೋಶದ ಅಂಗಾಂಶ ಚುಚ್ಚಿದರೆ ಏನೂ ಆಗಲಿಲ್ಲ. ಮಯಲಿನ್ ಇನ್ನೂ ಮೂಡಿರದ ಭ್ರೂಣದ ಮಿದುಳಿಗೂ ಆ ಶಕ್ತಿ ಇರಲಿಲ್ಲ.

ಈ ಕೊನೆಯ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮಯಲಿನ್ ಇಲ್ಲದಿದ್ದರೆ ಅಪಾಯವಿಲ್ಲ ಎಂದಾದರೆ, ಲಸಿಕೆಯನ್ನು ಎಳೆಯ ಪ್ರಾಣಿಯ ಮಿದುಳಿನಲ್ಲಿ ಬೆಳೆಸಬಹುದಲ್ಲವೆ? ಚಿಲಿ ದೇಶದ ಫುಎನ್ಸಲೀದಾ ಮತ್ತು ಪಲಾಸಿಯೋಸ್ 1955ರಲ್ಲಿ ಮಾಡಿದ್ದು ಅದನ್ನೇ. ಹಾಲು ಕುಡಿಯುವ ಇಲಿಮರಿಗಳ ಮಿದುಳಿನಲ್ಲಿ ಅವರು ತಯಾರಿಸಿದ ಲಸಿಕೆ ಲ್ಯಾಟಿನ್ ಅಮೆರಿಕದಲ್ಲಿ ಬಳಕೆಗೆ ಬಂತು. 1970ರ ದಶಕದಲ್ಲಿ ಮಿದುಳಿನ ಹಂಗೇ ಇಲ್ಲದ, ಕೋಶಕೃಷಿಯಲ್ಲಿ ಬೆಳೆಸಿದ ಲಸಿಕೆ ಸಿದ್ಧವಾಯಿತು. ಭಾರತದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದ ಬಡವರಿಗೆ ಮಾತ್ರ ಕುರಿಯ ಮಿದುಳೇ ಗತಿ. ಕೋಶಕೃಷಿಯ ಲಸಿಕೆ ದುಬಾರಿ ಎಂಬುದು ಕಾರಣ; ಸುಳ್ಳಲ್ಲ. ಆದರೆ 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಈ ಲಸಿಕೆಯಿಂದ ನರಗಳಿಗೆ ತೊಂದರೆಯಾದ ರೋಗಿಗಳ ವಿವರಗಳನ್ನು ಪ್ರಕಟಿಸಿದಾಗ, ರಿವರ್ಸ್‌ನ ಪ್ರಯೋಗಕ್ಕೆ ಆಗಲೇ ಐವತ್ತು ವರ್ಷ ತುಂಬಿತ್ತು. ನಮ್ಮ ದೇಶದಲ್ಲಿ ಇದರ ಉತ್ಪಾದನೆ ನಿಂತದ್ದು 2004ರ ಡಿಸೆಂಬರಿನಲ್ಲಿ. ತಿಳಿವಳಿಕೆ ಮತ್ತು ಬಳಕೆಯ ನಡುವಿನ ಈ ಎಪ್ಪತ್ತು ವರ್ಷಗಳ ಅಂತರವನ್ನು ಹಣದ ಕೊರತೆಯೊಂದರಿಂದಲೇ ವಿವರಿಸಬಹುದೆಂದು ನನಗೆ ಅನಿಸುವುದಿಲ್ಲ.

ಜರಡಿ ಹಿಡಿದು

ಪ್ರಯೋಗಾಲಯಕ್ಕೆ ಮರಳೋಣ. 1960ರಲ್ಲಿ ಫಿಲಿಪ್ ಪ್ಯಾಟರ್ಸನ್ ಕಾಯಿಲೆ ಬರಿಸಿದ ಇಲಿಯ ದುಗ್ಧಗ್ರಂಥಿಗಳ ಕೋಶಗಳನ್ನು ಆರೋಗ್ಯವಂತ ಇಲಿಗೆ ವರ್ಗಾಯಿಸಿ, ಕಾಯಿಲೆಯೂ ಜೊತೆಗೆ ಹೋಗುವುದನ್ನು ತೋರಿಸಿದ. ರಕ್ತದ್ರವದಲ್ಲಿರುವ ಪ್ರತಿಕಾಯಗಳಿಗಿಂತ ಕೋಶಗಳೇ ಇಲ್ಲಿ ಮುಖ್ಯ ಎಂದಾಯಿತು. ಮುಂದೆ ಇವು ಟಿ ಕೋಶಗಳೆಂದು ಗೊತ್ತಾಯಿತು.

ಇನ್ನೊಂದೆಡೆ ಜರಡಿ ಹಿಡಿಯುವ ಕೆಲಸ ನಡೆದಿತ್ತು. ಮಯಲಿನ್‌ನಲ್ಲಿ ಇರುವ ಯಾವ ವಸ್ತು ಕಾಯಿಲೆ ತರುತ್ತದೆ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೇರಿಯನ್ ಕೀಸ್ ವರ್ಷಗಟ್ಟಲೆ ಗಿನಿಯಿಲಿಗಳ ಮೇಲೆ ಪರೀಕ್ಷೆ ನಡೆಸಿ ಮಯಲಿನ್‌ನ ಒಂದು ಪ್ರತ್ಯಾಮ್ಲೀಯ ಪ್ರೋಟೀನಿನ ಮೇಲೆ ಬೆರಳಿಟ್ಟರು. ಎಡ್ವಿನ್ ಐಲರ್‌ನ ತಂಡ ಆ ಪ್ರೋಟೀನಿನ ಅಮೈನೋ ಆಮ್ಲಗಳ ಅನುಕ್ರಮವನ್ನು ಬಿಡಿಸಿತು. ದನದ ಪ್ರೋಟೀನಿನಲ್ಲಿ ಅವು ಸುಮಾರು 170. ಆ ಹೊತ್ತಿಗೆ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ರೂಪಿಸಿದ ಘನ ಆಧಾರದ ಮೇಲಿನ ಪೆಪ್ಟೈಡ್ ಸಂಶ್ಲೇಷಣೆಯೂ ಕೈಗೆ ಬಂದಿತ್ತು. ಬೇಕಾದ ಅಮೈನೋ ಆಮ್ಲಗಳನ್ನು ಬೇಕಾದ ಕ್ರಮದಲ್ಲಿ, ಹೂವು ಪೋಣಿಸಿದಂತೆ ಒಂದೊಂದಾಗಿ ಪೋಣಿಸುವ ಈ ವಿಧಾನಕ್ಕೆ 1984ರಲ್ಲಿ ನೊಬೆಲ್ ಬಹುಮಾನ ಸಂದಿತು. 1970ರಲ್ಲಿ ಐಲರ್ ಮತ್ತು ಸಂಗಡಿಗರು, ಕೇವಲ ಒಂಬತ್ತು ಅಮೈನೋ ಆಮ್ಲಗಳ ಕೃತಕ ತುಣುಕು ಗಿನಿಯಿಲಿಯಲ್ಲಿ ಕಾಯಿಲೆ ತರುವುದೆಂದು ವರದಿ ಮಾಡಿದರು. ಅದರ ನಡುವಿನ ಟ್ರಿಪ್ಟೊಫಾನ್ ಇಲ್ಲದಿದ್ದರೆ ತುಣುಕಿಗೆ ಶಕ್ತಿಯೇ ಇಲ್ಲ.

ಸಮಸ್ಯೆ ಬಗೆಹರಿಯಿತು ಎನಿಸಬೇಕಾದ ಗಳಿಗೆ ಇದು. ಬಗೆಹರಿಯಲಿಲ್ಲ. ಗಿನಿಯಿಲಿಗೆ ಮುಳುವಾದ ತುಣುಕು ಮೊಲವನ್ನು ಅಷ್ಟಾಗಿ ತಟ್ಟದು. ದೊಡ್ಡ ಜಾತಿಯ ಇಲಿಗೆ ಬೇರೆ ತುಣುಕು, ಸಣ್ಣ ಇಲಿಗಳಲ್ಲಿಯೂ ತಳಿಗೊಂದು ತುಣುಕು. ಕಾರಣ ಆಮೇಲೆ ತಿಳಿಯಿತು. ಟಿ ಕೋಶಗಳು ಪ್ರೋಟೀನನ್ನು ಇಡಿಯಾಗಿ ಕಾಣಲಾರವು. ಬೇರೆ ಕೋಶಗಳು ಅದನ್ನು ತುಂಡರಿಸಿ, ಎಂಎಚ್‌ಸಿ ಎಂಬ ಅಣುಗಳ ಬೋಗುಣಿಯಲ್ಲಿಟ್ಟು ತೋರಿಸಬೇಕು. 1987ರಲ್ಲಿ ಎಕ್ಸ್-ಕಿರಣ ಸ್ಫಟಿಕಶಾಸ್ತ್ರದಿಂದ ಇಂಥ ಒಂದು ಅಣುವಿನ ರಚನೆ ಬಯಲಾದಾಗ ಈ ಬೋಗುಣಿ ಕಣ್ಣಿಗೇ ಕಂಡಿತು. ಬೋಗುಣಿಯ ಆಕಾರ ತಳಿಯಿಂದ ತಳಿಗೆ, ಮನುಷ್ಯನಿಂದ ಮನುಷ್ಯನಿಗೆ ಬೇರೆ. ಒಂದರಲ್ಲಿ ಕೂರುವ ತುಣುಕು ಇನ್ನೊಂದರಲ್ಲಿ ಕೂರದು.

ಈ ನಡುವೆ ಒಂದು ಸ್ವಾರಸ್ಯ ನಡೆಯಿತು. ಇಸ್ರೇಲಿನ ವೈಝ್‌ಮನ್ ಸಂಸ್ಥೆಯಲ್ಲಿ ಮೈಕೆಲ್ ಸೆಲಾ, ರೂತ್ ಆರ್ನನ್, ಡ್ವೋರಾ ಟೈಟಲ್‌ಬಾಮ್ ಎಂಬವರು ಮಯಲಿನ್ ಪ್ರೋಟೀನನ್ನು ಅನುಕರಿಸುವ, ನಾಲ್ಕೇ ಬಗೆಯ ಅಮೈನೋ ಆಮ್ಲಗಳ ಕೃತಕ ಸರಪಳಿಗಳನ್ನು ತಯಾರಿಸಿದರು. ಅವರ ಎಣಿಕೆ, ಇವು ಕಾಯಿಲೆ ತರಬೇಕು. ತರಲಿಲ್ಲ, ಬದಲು ಕಾಯಿಲೆಯನ್ನು ತಡೆದವು. 1971ರಲ್ಲಿ ಪ್ರಕಟವಾದ ಈ ಸೋಲು ಕಾಲು ಶತಮಾನದ ಬಳಿಕ, 1996ರಲ್ಲಿ, ಗ್ಲಾಟಿರಾಮರ್ ಎಂಬ ಹೆಸರಿನಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್‌ಗೆ ಔಷಧವಾಗಿ ಅಮೆರಿಕದಲ್ಲಿ ಮಂಜೂರಾಯಿತು.

ಮಾಗ್ 35-55

ಮಯಲಿನ್ ಸುರುಳಿಯ ಅತ್ಯಂತ ಹೊರಮೈಯಲ್ಲಿ ಮಾತ್ರ ಇರುವ ಇನ್ನೊಂದು ಪ್ರೋಟೀನ್ ಉಂಟು. ಮಯಲಿನ್ ಆಲಿಗೊಡೆಂಡ್ರೊಸೈಟ್ ಗ್ಲೈಕೊಪ್ರೋಟೀನ್ ಎಂಬ ಉದ್ದ ಹೆಸರನ್ನು ಕುಗ್ಗಿಸಿ ಮಾಗ್ ಎನ್ನುತ್ತಾರೆ. ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರ ಬಿಟ್ಟರೆ ಕೈಕಾಲಿನ ನರಗಳಲ್ಲಿ ಅದಿಲ್ಲ. ಇರುವಲ್ಲಿಯೂ ಮಯಲಿನ್ ಪ್ರೋಟೀನುಗಳ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆದರೆ ಹೊರಮೈಯಲ್ಲಿರುವುದರಿಂದ ಪ್ರತಿಕಾಯಗಳಿಗೆ ನೇರವಾಗಿ ಎಟಕುತ್ತದೆ. 1984ರಲ್ಲಿ ಕ್ರಿಸ್ಟೋಫರ್ ಲಿನಿಂಗ್ಟನ್ ಮತ್ತು ಸಂಗಡಿಗರು ಇದಕ್ಕೆ ಅಂಟುವ ಒಂದು ಪ್ರತಿಕಾಯವನ್ನು ವರ್ಣಿಸಿದರು; 1992ರಲ್ಲಿ ಇದರ ಪೂರ್ಣ ಅನುಕ್ರಮ ತಿಳಿಯಿತು. 1995ರಲ್ಲಿ ವೈಝ್‌ಮನ್ ಸಂಸ್ಥೆಯ ಅವ್ರಹಾಮ್ ಬೆನ್-ನುನ್ ತಂಡ ಇದರ 35ನೆಯದರಿಂದ 55ನೆಯದರವರೆಗಿನ ಅಮೈನೋ ಆಮ್ಲಗಳ ತುಣುಕು ಸಿ57 ಕಪ್ಪು ಇಲಿಗಳಲ್ಲಿ ದೀರ್ಘಕಾಲದ ಕಾಯಿಲೆ ತರುತ್ತದೆಂದು ತೋರಿಸಿತು.

ಇಪ್ಪತ್ತೊಂದು ಕೊಂಡಿ, ಅಣುತೂಕ ಸುಮಾರು 2582. ಮೊದಲು ಮೆಥಿಯೊನಿನ್, ಕೊನೆಗೆ ಲೈಸಿನ್. ಇಷ್ಟೊಂದು ತುಣುಕುಗಳ ನಡುವೆ ಇದೇ ಏಕೆ ಗೆದ್ದಿತು? ಉತ್ತರ ಪೆಪ್ಟೈಡಿನಲ್ಲಿಲ್ಲ, ಇಲಿಯಲ್ಲಿದೆ. ಜೀನ್ ತೆಗೆದ ಇಲಿಗಳನ್ನು ಸೃಷ್ಟಿಸುವ ತಂತ್ರ ಹಬ್ಬಿದ ಕಾಲ ಅದು, ಅಂಥ ಇಲಿಗಳಲ್ಲಿ ಬಹುಪಾಲು ಈ ಕಪ್ಪು ತಳಿಯವು. 2002ರಲ್ಲಿ ಪ್ರಕಟವಾದ ಇಲಿಯ ಜೀನೋಮ್ ಕೂಡ ಇದೇ ತಳಿಯದು. ಹಳೆಯ ಮಯಲಿನ್ ತುಣುಕುಗಳಿಗೆ ಜಗ್ಗದ ಈ ಇಲಿಯಲ್ಲಿ ಕಾಯಿಲೆ ತರಬಲ್ಲ ಪೆಪ್ಟೈಡ್ ಸಿಕ್ಕಿದ್ದೇ ತಡ, ಎಲ್ಲರೂ ಅದನ್ನೇ ಹಿಡಿದರು.

ಪ್ರಯೋಗದ ವಿಧಾನ ಸರಳ. ಸುಮಾರು 200 ಮೈಕ್ರೊಗ್ರಾಂ ಪೆಪ್ಟೈಡನ್ನು ಫ್ರಾಯಿಂಡ್ ಮಿಶ್ರಣದಲ್ಲಿ ಬೆರೆಸಿ ಚರ್ಮದಡಿ ಚುಚ್ಚುವುದು, ಆ ದಿನ ಮತ್ತು ಎರಡು ದಿನ ಬಿಟ್ಟು ನಾಯಿಕೆಮ್ಮಿನ ರೋಗಾಣುವಿನ ವಿಷವನ್ನು ಕೊಡುವುದು. ಎರಡನೆಯ ವಾರದಲ್ಲಿ ಇಲಿಯ ಬಾಲ ಜೋತುಬೀಳುತ್ತದೆ. ಆಮೇಲೆ ಹಿಂಗಾಲು, ಮುಂಗಾಲು. ಬಾಲ ಜೋತರೆ ಒಂದು ಅಂಕ, ಹಿಂಗಾಲು ಪೂರ್ತಿ ಸೋತರೆ ಮೂರು, ಸತ್ತರೆ ಐದು. ಪ್ರಬಂಧಗಳಲ್ಲಿ ನುಣುಪಾದ ವಕ್ರರೇಖೆಯಾಗಿ ಕಾಣುವುದು ಈ ಅಂಕಗಳ ಸರಾಸರಿ. ಅಳತೆಯ ವಿಷಯದಲ್ಲಿ ಪಿಟೀಲು ಕುಯ್ಯುವ ಭೌತವಿಜ್ಞಾನಿಗೆ ಇದು ತೀರಾ ಒರಟೆನಿಸುತ್ತದೆ. ಮೂರು ಅಂಕವೆಂದರೆ ಒಂದು ಅಂಕದ ಮೂರರಷ್ಟು ಎಂದು ಯಾರೂ ಹೇಳಲಾರರು.

ಇಲಿ ಹೇಳಿದ್ದು, ಮನುಷ್ಯ ಹೇಳಿದ್ದು

ಘರ್ಷಣೆಯಿಲ್ಲದ ಇಳಿಜಾರನ್ನು ಕರಿಹಲಗೆಯ ಮೇಲೆ ಬರೆಯುವಾಗ ಅದು ನಿಜವಾದ ಇಳಿಜಾರಲ್ಲವೆಂದು ಮೇಷ್ಟ್ರಿಗೂ ಗೊತ್ತು, ಮಕ್ಕಳಿಗೂ ಗೊತ್ತು. ಯಾವುದನ್ನು ಕೈಬಿಟ್ಟಿದ್ದೇವೆಂಬ ಅರಿವಿರುವ ತನಕ ಮಾದರಿಯಿಂದ ಕೇಡಿಲ್ಲ. ಇಲಿಯ ವಿಷಯದಲ್ಲಿ ಏನನ್ನು ಕೈಬಿಟ್ಟಿದ್ದೇವೆಂಬುದು ಮನುಷ್ಯರ ಮೇಲೆ ಪರೀಕ್ಷೆ ನಡೆಸುವವರೆಗೆ ತಿಳಿಯುವುದಿಲ್ಲ. ಕಷ್ಟ ಇರುವುದು ಅಲ್ಲಿಯೇ.

ಗೆಲುವುಗಳಿವೆ. ಬಿಳಿ ರಕ್ತಕಣಗಳು ಮಿದುಳಿನ ರಕ್ತನಾಳಗಳಿಗೆ ಅಂಟದಂತೆ ತಡೆದರೆ ಕಾಯಿಲೆ ನಿಲ್ಲುತ್ತದೆಂದು ಪ್ರಾಣಿ ಮಾದರಿಯಲ್ಲಿ 1992ರಲ್ಲಿ ಕಂಡುಬಂತು. ನಟಾಲಿಝುಮ್ಯಾಬ್ ಎಂಬ ಔಷಧ ಹುಟ್ಟಿದ್ದು ಹಾಗೆ. 2004ರಲ್ಲಿ ಮಂಜೂರಾದ ಅದನ್ನು ಕೆಲವು ರೋಗಿಗಳಿಗೆ ಮಿದುಳಿನ ಅಪರೂಪದ ವೈರಸ್ ಸೋಂಕು ತಗುಲಿದ್ದರಿಂದ ಮರುವರ್ಷವೇ ಹಿಂದೆಗೆಯಬೇಕಾಯಿತು. 2006ರಲ್ಲಿ ಎಚ್ಚರಿಕೆಯ ಕಟ್ಟಳೆಗಳೊಡನೆ ಮರಳಿತು.

ಸೋಲುಗಳು ಇನ್ನೂ ಪಾಠ ಹೇಳುವಂಥವು. ಕಾಯಿಲೆ ತರುವ ಪೆಪ್ಟೈಡಿನ ಒಂದೆರಡು ಕೊಂಡಿ ಬದಲಿಸಿದರೆ ಅದು ಟಿ ಕೋಶಗಳನ್ನು ಕೆರಳಿಸುವ ಬದಲು ಶಾಂತಗೊಳಿಸುತ್ತದೆ ಎಂಬುದು ಪ್ರಾಣಿಗಳಲ್ಲಿ ಕಂಡ ಸಂಗತಿ. ಅದನ್ನು ನಂಬಿ ಮಯಲಿನ್‌ನ ಪ್ರತ್ಯಾಮ್ಲೀಯ ಪ್ರೋಟೀನಿನ ಬದಲಿಸಿದ ತುಣುಕೊಂದನ್ನು ಎಂಟು ರೋಗಿಗಳಿಗೆ ಕೊಟ್ಟರು. ಮೂವರಲ್ಲಿ ಕಾಯಿಲೆ ಉಲ್ಬಣಿಸಿತು. ಅವರಲ್ಲಿ ಇಬ್ಬರ ವಿಷಯದಲ್ಲಿ ಪೆಪ್ಟೈಡಿಗೂ ಉಲ್ಬಣಕ್ಕೂ ನಂಟಿರುವುದನ್ನು ತೋರಿಸಬಹುದಾಗಿತ್ತು. ಪರೀಕ್ಷೆಯನ್ನು ನಿಲ್ಲಿಸಿ 2000ದಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಕೆಟ್ಟ ಫಲಿತಾಂಶವನ್ನು ಹಾಗೆ ಬಿಚ್ಚಿಟ್ಟ ಆ ಪ್ರಬಂಧ ಸ್ನಾತಕೋತ್ತರ ತರಗತಿಗಳಲ್ಲಿ ಓದಿಸಲು ತಕ್ಕದ್ದು.

ಇನ್ನೊಂದು ಪ್ರಸಂಗ. 2003ರಲ್ಲಿ ಮಾಗ್ 35-55 ಬಳಸಿ ನಡೆಸಿದ ಪ್ರಯೋಗಗಳಲ್ಲಿ, ಐಎಲ್-23 ಎಂಬ ಸಂದೇಶವಾಹಕ ಪ್ರೋಟೀನ್ ಇಲ್ಲದ ಇಲಿಗಳಿಗೆ ಕಾಯಿಲೆ ಬರುವುದಿಲ್ಲವೆಂದು ತಿಳಿಯಿತು. ಟಿ ಕೋಶಗಳ ಒಂದು ಹೊಸ ಬಣವೇ ಈ ದಾರಿಯಲ್ಲಿ ಬೆಳಕಿಗೆ ಬಂತು. ಹಿಸಾರಿನಲ್ಲಿ ಪಶುವೈದ್ಯ ಓದಿ ಅಮೆರಿಕದಲ್ಲಿ ನೆಲೆಸಿದ ವಿಜಯ್ ಕುಚ್ರೂ ಈ ಅಧ್ಯಯನದ ಮುಂಚೂಣಿಯವರು. ಐಎಲ್-23ನ್ನು ತಡೆಯುವ ಉಸ್ಟೆಕಿನುಮ್ಯಾಬ್ ಔಷಧವನ್ನು ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಿಗಳಿಗೆ ಕೊಟ್ಟು ನೋಡಿದರು. 2008ರಲ್ಲಿ ಬಂದ ಫಲಿತಾಂಶ: ಏನೂ ಪ್ರಯೋಜನವಿಲ್ಲ. ಅದೇ ಔಷಧ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ರಾಮಬಾಣದಂತೆ ನಾಟಿತು. ನರದ ಕಾಯಿಲೆಗೆಂದು ಕಟ್ಟಿದ ಇಲಿಯ ಮಾದರಿ ಚರ್ಮದ ಕಾಯಿಲೆಗೆ ಮದ್ದು ಕೊಟ್ಟಿತು!

ಹಾಗಾದರೆ ಮಾಗ್‌ಗೂ ಮನುಷ್ಯನ ಕಾಯಿಲೆಗೂ ನಂಟೇ ಇಲ್ಲವೆ? ಇದೆ, ಆದರೆ ಹುಡುಕಿದ ಜಾಗದಲ್ಲಿ ಅಲ್ಲ. ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಿಗಳ ರಕ್ತದಲ್ಲಿ ಮಾಗ್ ವಿರುದ್ಧದ ಪ್ರತಿಕಾಯಗಳಿಗಾಗಿ ಹಲವರು ವರ್ಷಗಟ್ಟಲೆ ಹುಡುಕಿದರು. ಒಂದು ಪ್ರಯೋಗಾಲಯಕ್ಕೆ ಸಿಕ್ಕಿದ್ದು ಇನ್ನೊಂದಕ್ಕೆ ಸಿಗುತ್ತಿರಲಿಲ್ಲ. ಅವರು ಬಳಸುತ್ತಿದ್ದುದು ಪೆಪ್ಟೈಡ್ ತುಣುಕುಗಳನ್ನು, ಇಲ್ಲವೆ ಮಡಿಕೆ ಬಿಚ್ಚಿಹೋದ ಪ್ರೋಟೀನನ್ನು. ಟಿ ಕೋಶಕ್ಕೆ ತುಣುಕು ಸಾಕು. ಪ್ರತಿಕಾಯಕ್ಕೆ ಬೇಕಾದದ್ದು ಮಡಿಸಿದ ಪ್ರೋಟೀನಿನ ಮೂರು ಆಯಾಮಗಳ ಆಕಾರ. 2007ರ ಸುಮಾರಿಗೆ ಸರಿಯಾಗಿ ಮಡಿಸಿದ ಮಾಗ್ ಬಳಸಿದಾಗ, ಮುಂದೆ ಅದನ್ನು ಜೀವಂತ ಕೋಶದ ಮೇಲೆಯೇ ಇಟ್ಟು ಪರೀಕ್ಷಿಸಿದಾಗ, ಚಿತ್ರ ತಿಳಿಯಾಯಿತು. ಈ ಪ್ರತಿಕಾಯಗಳು ಸಿಕ್ಕಿದ್ದು ಹೆಚ್ಚಾಗಿ ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಿಗಳಲ್ಲಿ ಅಲ್ಲ. ಮಿದುಳು ಮತ್ತು ಬೆನ್ನುಹುರಿ ಒಮ್ಮೆಗೇ ಉರಿಯೂತಕ್ಕೆ ಒಳಗಾದ ಮಕ್ಕಳಲ್ಲಿ, ಕಣ್ಣಿನ ನರ ಊದಿಕೊಂಡ ವಯಸ್ಕರಲ್ಲಿ. ಮಿದುಳು ಲಸಿಕೆಯ ಬಳಿಕ ಕಾಣಿಸುತ್ತಿದ್ದ ಕಾಯಿಲೆಯ ಲಕ್ಷಣಗಳಿಗೆ ಆ ಮಕ್ಕಳ ಲಕ್ಷಣಗಳು ಬಹಳ ಹತ್ತಿರ. ಇದೀಗ ಇದು ಪ್ರತ್ಯೇಕ ರೋಗವೆಂದೇ ಗಣನೆಗೆ ಬಂದಿದೆ. ಇದನ್ನು ಗುರುತಿಸುವ ಅಂತರರಾಷ್ಟ್ರೀಯ ಮಾನದಂಡಗಳು 2023ರಲ್ಲಿ ಪ್ರಕಟವಾದವು. ಚಿಕಿತ್ಸೆಯೂ ಬೇರೆ. ಮಲ್ಟಿಪಲ್ ಸ್ಕ್ಲೀರೋಸಿಸ್‌ನ ಕೆಲವು ಔಷಧಗಳು ಇಲ್ಲಿ ಕೆಲಸಕ್ಕೆ ಬಾರವು.

ಇಲಿಯ ಮಾಗ್ ಮತ್ತು ಮನುಷ್ಯನ ಮಾಗ್ ಬಹುಮಟ್ಟಿಗೆ ಒಂದೇ. 35ರಿಂದ 55ರವರೆಗಿನ ತುಣುಕಿನಲ್ಲಂತೂ ಇರುವುದು ಒಂದೇ ವ್ಯತ್ಯಾಸ: 42ನೆಯ ಸ್ಥಾನದಲ್ಲಿ ಇಲಿಗೆ ಸೆರೀನ್, ಮನುಷ್ಯನಿಗೆ ಪ್ರೋಲೀನ್. ಮನುಷ್ಯನ ತುಣುಕನ್ನು ಕಪ್ಪು ಇಲಿಗೆ ಚುಚ್ಚಿದರೆ ಕಾಯಿಲೆ ಮಂದವಾಗಿ ಬರುತ್ತದೆ. 2013ರಲ್ಲಿ ರೋಗಿಗಳ ಪ್ರತಿಕಾಯಗಳು ಮಾಗ್‌ನ ಯಾವ ಭಾಗಕ್ಕೆ ಅಂಟುತ್ತವೆಂದು ಒಂದೊಂದೇ ಕೊಂಡಿ ಬದಲಿಸಿ ಪರೀಕ್ಷಿಸಿದರು. ಎಲ್ಲಕ್ಕಿಂತ ಹೆಚ್ಚು ರೋಗಿಗಳಲ್ಲಿ ಅವು ಹಿಡಿದುಕೊಂಡಿದ್ದದ್ದು ಪ್ರೋಟೀನಿನ ಹೊರಮೈಯ ಒಂದು ಬಳುಕನ್ನು, ಅದರಲ್ಲಿಯೂ ಆ 42ನೆಯ ಪ್ರೋಲೀನ್ ಇರುವ ಜಾಗವನ್ನು. ಅಲ್ಲಿ ಸೆರೀನ್ ಇಟ್ಟರೆ ಅವುಗಳ ಹಿಡಿತ ತಪ್ಪಿಹೋಗುತ್ತಿತ್ತು.